‘ನಾಟಿ ಗಿಡ’ವೋ, ‘ನಾಡಗಿಡ’ವೋ?

ಕೈತೋಟಕ್ಕೆ ಹಕ್ಕಿ, ಚಿಟ್ಟೆಗಳು ಬರುವಂತೆ ಯಾವ ಗಿಡಗಳನ್ನು ನೆಡಬೇಕೆಂದು ತಿಳಿಸುವ ಕಿರುಹೊತ್ತಗೆಯೊಂದನ್ನು ನಮ್ಮ ಬಡಾವಣೆಯವರಿಗಾಗಿ ಬರೆಯುತ್ತಿದ್ದೇನೆ. ಒಂದು ನೆಲದಲ್ಲಿ ತಾನಾಗಿ ಹುಟ್ಟಿ ಬೆಳೆದುಬಂದ ಗಿಡವನ್ನು ಇಂಗ್ಲಿಷಿನವರು ‘ನೇಟಿವ್ ಪ್ಲಾಂಟ್’ ಎನ್ನುವುದಕ್ಕೆ ಕನ್ನಡದಲ್ಲಿ ಏನೆಂದು ಬರೆಯಬೇಕೆಂಬಲ್ಲಿ ಕೆಲಸ ನಿಂತಿದೆ.

ಮೊದಲು ಹೊಳೆಯುವ ಪದ ‘ನಾಟಿ’. ಉತ್ತರ ಕರ್ನಾಟಕದಲ್ಲಾದರೆ ‘ಜವಾರಿ’. ಆದರೆ ಸಂತೆಯಲ್ಲಿ ನಾವು ಕೇಳಿ ಕೊಳ್ಳುವ ನಾಟಿ ಟೊಮೆಟೊ ಅಮೆರಿಕ ಖಂಡದಿಂದ ಬಂದ ಬೆಳೆ. ಅಂದರೆ ಈ ಎರಡು ಪದಗಳು ಹೈಬ್ರಿಡ್ ಅಲ್ಲದ ಹಳೆಯ ತಳಿ ಎಂಬುದನ್ನು ಹೇಳುತ್ತವೆಯೇ ಹೊರತು, ಗಿಡದ ಮೂಲ ಯಾವ ನೆಲ ಎಂಬುದನ್ನಲ್ಲ. ಇದರ ಜೊತೆಗೆ ‘ನಾಟಿ ಮಾಡು’ ಎಂಬ ಬಳಕೆಯೂ ಇರುವುದರಿಂದ ‘ನಾಟಿ ಗಿಡ’ ಎಂದೊಡನೆ ನೆಡಲು ಸಿದ್ಧವಾದ ಸಸಿ ಎಂದೇ ಹಲವರು ತಿಳಿಯುತ್ತಾರೆ. ತಮಿಳಿನ ‘ನಾಟ್ಟುಕ್ಕೋಳಿ’ಯನ್ನು ಪಕ್ಕದಲ್ಲಿಟ್ಟು ನೋಡಿದರೆ ನಾಟಿ ಕೋಳಿಯ ‘ನಾಟಿ’ಗೆ ‘ನಾಡು’ ಮೂಲವೆಂದೂ, ಪೈರಿನ ‘ನಾಟಿ’ಗೆ ‘ನಡು’ ಅಥವಾ ‘ನೆಡು’ ಎಂಬ ಕ್ರಿಯಾಪದ ಮೂಲವೆಂದೂ ನನಗೆ ತೋರುತ್ತದೆ.

ಇಲ್ಲಿಯ ಗಿಡಕ್ಕೂ ಹೊರಗಿನಿಂದ ಬಂದ ಗಿಡಕ್ಕೂ ಇರುವ ವ್ಯತ್ಯಾಸ ಕೇವಲ ಪದದ್ದಲ್ಲ. ನಮ್ಮ ಬೀದಿಯ ಗಸಗಸೆ ಹಣ್ಣಿನ ಮರದಲ್ಲಿ ಬದನಿಕೆ ಹಕ್ಕಿಗಳು ದಿನವಿಡೀ ಚಿಟಿಚಿಟಿ ಎನ್ನುತ್ತಿರುತ್ತವೆ; ಆ ಮರವೂ ಅಮೆರಿಕದ ಉಷ್ಣವಲಯದ್ದು. ಹಕ್ಕಿ ಬಂದ ಮಾತ್ರಕ್ಕೆ ಗಿಡ ಇಲ್ಲಿಯದಾಗುವುದಿಲ್ಲ. ಹೊರಗಿನಿಂದ ಬಂದ ಲಂಟಾನ ಪೊದೆಯ ಹಣ್ಣು ತಿಂದು ಬೀಜ ಹರಡಿದವರಲ್ಲಿ ನಮ್ಮ ಪಿಕಳಾರ (ಬುಲ್‌ಬುಲ್) ಹಕ್ಕಿಗಳೂ ಇವೆ. ಇಲ್ಲಿಯದೇ ಆದ ಗಿಡದ ಬೆಲೆ ತಿಳಿಯುವುದು ಅದರ ಎಲೆಯ ಮೇಲೆ. ನಮ್ಮ ಹಿತ್ತಲ ಕರಿಬೇವಿನಲ್ಲಿ ಹಕ್ಕಿಯ ಹಿಕ್ಕೆಯೆಂದೇ ಭ್ರಮೆ ಹುಟ್ಟಿಸುವ ಕಂದು-ಬಿಳಿ ಹುಳುಗಳಿದ್ದವು. ಬೆಳೆದಂತೆ ಹಸಿರಾದವು, ಕೆಲವು ಚಿಟ್ಟೆಗಳಾದವು, ಉಳಿದವನ್ನು ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ ಹಕ್ಕಿಯು ಒಂದೊಂದಾಗಿ ಮರಿಗಳಿಗೆ ಒಯ್ದಿತು. ಹುಳುವಿಲ್ಲದ ತೋಟದಲ್ಲಿ ಸಿಂಪಿಗ ಮರಿ ಸಾಕಲಾರದು. ಆದ್ದರಿಂದಲೇ ಪದ ನಿಖರವಾಗಿರಬೇಕೆಂಬ ಹಂಬಲ ನನಗೆ.

‘ದೇಶಿ’ ಎಂದರೆ ಹಿಮಾಲಯದ ಗಿಡವೂ ಸೇರಿಬಿಡುತ್ತದೆ. ‘ಸ್ಥಳೀಯ’ ಎಂಬುದು ಪಕ್ಕದ ನರ್ಸರಿಯಲ್ಲಿ ಸಿಗುವ ಯಾವ ಗಿಡಕ್ಕೂ ಸಲ್ಲುತ್ತದೆ.

ನಮ್ಮ ಹಿರಿಯರು ಹೊರಗಿನಿಂದ ಬಂದದ್ದನ್ನು ‘ಸೀಮೆ’ ಸೇರಿಸಿ ಗುರುತಿಸಿದರು: ಸೀಮೆಹುಣಸೆ, ಸೀಮೆಬದನೆ, ಸೀಮೆಹಸು. ‘ಮೈಸೂರು ಸೀಮೆ’ ಎಂದು ನಮ್ಮದೇ ಪ್ರದೇಶಕ್ಕೆ ಹೇಳುವ ಪದವೇ ಸಮಾಸದಲ್ಲಿ ಪರದೇಶವನ್ನು ಸೂಚಿಸುವುದು ಸೊಗಸಾದ ಸಂಗತಿ. ಇದಕ್ಕೆ ಎದುರಾಗಿ ‘ನಾಡ ಹೆಂಚು’, ‘ನಾಡದೋಣಿ’, ‘ನಾಡ ಬಂದೂಕು’ಗಳಲ್ಲಿ ‘ನಾಡ’ ಇದೆ. ಹಾಗಾದರೆ ‘ಸೀಮೆಗಿಡ’ಕ್ಕೆ ಜೋಡಿಯಾಗಿ ‘ನಾಡಗಿಡ’ ಎನ್ನಬಹುದಲ್ಲವೇ? ನನ್ನ ಒಲವು ಇದರ ಕಡೆಗಿದೆ. ಅಡ್ಡಿಯೊಂದೇ: ‘ಕಾಡು-ನಾಡು’ ಎಂಬ ಜೋಡಿಯೂ ಕನ್ನಡದಲ್ಲಿ ಅಷ್ಟೇ ಗಟ್ಟಿಯಾಗಿರುವುದರಿಂದ, ಅತ್ತಿ, ಲಕ್ಕಿ, ಆಡುಸೋಗೆಗಳಂತಹ ಗಿಡಗಳನ್ನು ‘ನಾಡಗಿಡ’ ಎಂದರೆ ಓದುಗರು ಊರಿನಲ್ಲಿ ಸಾಕಿ ಬೆಳೆಸಿದ ಗಿಡವೆಂದು ತಿಳಿಯಬಹುದು.

ಮಲೆನಾಡು, ಕರಾವಳಿ, ಬಯಲುಸೀಮೆಗಳಲ್ಲಿ ತೋಟಗಾರರೂ ನಾಟಿ ವೈದ್ಯರೂ ತಮ್ಮ ನೆಲದಲ್ಲಿ ತಾನಾಗಿ ಹುಟ್ಟುವ ಗಿಡವನ್ನು ಹೊರಗಿನಿಂದ ತಂದು ನೆಟ್ಟ ಗಿಡದಿಂದ ಬೇರ್ಪಡಿಸಿ ಹೇಳಲು ಯಾವ ಪದವನ್ನು ಬಳಸುತ್ತಾರೆ? ಕೇಳಿ ಬಲ್ಲವರು ಊರಿನ ಹೆಸರು ಮತ್ತು ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.