ಮೊದಲ ಬಾರಿ ಪ್ಲೇ ಬೈ ಪೋಸ್ಟ್ ಆಟ ನಡೆಸುತ್ತಿದ್ದೇನೆ: ಆಟ ನಡುವೆ ನಿಂತುಹೋಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೇಜಿನ ಸುತ್ತ ಕುಳಿತು, ಪ್ರತಿ ಆಟಗಾರರೂ ಕಥೆಯ ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ಗೇಮ್ ಮಾಸ್ಟರ್ ಆಗಿ, ಅಂದರೆ ಕಥೆಯನ್ನು ಮುನ್ನಡೆಸಿ ಶತ್ರುಗಳ ಪರವಾಗಿ ಆಡುವ ವ್ಯಕ್ತಿಯಾಗಿ, ಎರಡು ವರ್ಷ ನಡೆಸಿದ್ದೇನೆ. ಈಗ ನಮ್ಮ ಗುಂಪಿನವರೆಲ್ಲ ಒಂದೇ ಹೊತ್ತಿಗೆ ಸೇರುವುದು ಸಾಧ್ಯವಾಗುತ್ತಿಲ್ಲ. ಹೀಗಾಗಿ, ಪ್ರತಿಯೊಬ್ಬರೂ ತಮಗೆ ಬಿಡುವಾದಾಗ ತಮ್ಮ ಪಾತ್ರದ ಮಾತನ್ನೂ ನಡೆಯನ್ನೂ ಆನ್‌ಲೈನ್‌ನಲ್ಲಿ ಬರೆದು ಹಾಕುವ ಪ್ಲೇ ಬೈ ಪೋಸ್ಟ್ ಪದ್ಧತಿಗೆ ಬದಲಾಗಬೇಕೆಂದಿದ್ದೇವೆ. ಆಟಗಾರರು ಐದು ಮಂದಿ. ಇಂತಹ ಆಟಗಳು ಬಹುಮಟ್ಟಿಗೆ ಮೊದಲ ಕಾಳಗದಲ್ಲೇ ನಿಂತುಹೋಗುತ್ತವೆ ಎಂದು ಕೇಳಿದ್ದೇನೆ. ಕಥೆ ಕಟ್ಟುವ ಬಗ್ಗೆ ನನಗೆ ಚಿಂತೆಯಿಲ್ಲ. ಆಟವನ್ನು ದಿನದಿನವೂ ಮುಂದೆ ಸಾಗಿಸುವುದು ಹೇಗೆಂದು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1

ನಾನು ನಡೆಸಿದ ಮತ್ತು ಆಡಿದ ಆಟಗಳಲ್ಲಿ ನಿಂತುಹೋದವು ಬಹುತೇಕ ಒಂದೇ ಕಾರಣಕ್ಕೆ ನಿಂತವು: ಈಗ ಬರೆಯಬೇಕಾದವರು ಯಾರು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಆಟಗಾರರು ಗೇಮ್ ಮಾಸ್ಟರ್ ಬರೆಯಲೆಂದು ಕಾಯುತ್ತಾರೆ, ಗೇಮ್ ಮಾಸ್ಟರ್ ಆಟಗಾರರಿಗಾಗಿ ಕಾಯುತ್ತಾರೆ, ಹೀಗೆ ವಾರ ಕಳೆಯುತ್ತದೆ. ಆದ್ದರಿಂದ ನಿಮ್ಮ ಪ್ರತಿಯೊಂದು ಪೋಸ್ಟಿನ ಕೊನೆಯಲ್ಲಿ, ಯಾವ ಪಾತ್ರ ಏನನ್ನು ನಿರ್ಧರಿಸಬೇಕಾಗಿದೆ ಎಂಬುದು ಹೆಸರು ಸಮೇತ ಇರಲಿ.

ಎರಡನೆಯದು, ಪ್ರಶ್ನೋತ್ತರಗಳನ್ನು ಕಡಿಮೆ ಮಾಡುವುದು. ಪಾತ್ರಗಳು ಪಾಳು ಕೋಟೆಯ ಬಾಗಿಲಿಗೆ ಬಂದವು ಎಂದುಕೊಳ್ಳಿ. ಬಾಗಿಲಿಗೆ ಬೀಗವಿದೆಯೇ, ಅದನ್ನು ತೆರೆಯಬಹುದೇ, ಒಳಗಿನಿಂದ ಸದ್ದು ಕೇಳಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳು ಮೇಜಿನ ಬಳಿ ಅರ್ಧ ನಿಮಿಷದಲ್ಲಿ ಮುಗಿಯುತ್ತವೆ. ಇಲ್ಲಿ ಅವು ಮೂರು ದಿನಗಳನ್ನು ನುಂಗುತ್ತವೆ. ಬೀಗ ತುಕ್ಕು ಹಿಡಿದಿದೆ, ಒಳಗೆ ಹೆಜ್ಜೆಯ ಸದ್ದಿದೆ, ಎಡಗಡೆಯ ಕಿಟಕಿ ಹತ್ತುವಷ್ಟು ತಗ್ಗಿನಲ್ಲಿದೆ ಎಂದು ಮೊದಲೇ ಬರೆದುಬಿಡಿ. ಆಟಗಾರರಿಗೂ "ಬೀಗ ತೆರೆಯಲು ಯತ್ನಿಸುತ್ತೇನೆ, ಆಗದಿದ್ದರೆ ಕಿಟಕಿಯಿಂದ ಒಳಗಿಳಿಯುತ್ತೇನೆ" ಎಂದು ಮುಂದಿನ ಹೆಜ್ಜೆಯನ್ನೂ ಸೇರಿಸಿ, ಯತ್ನ ಫಲಿಸಿತೇ ಎಂದು ತೀರ್ಮಾನಿಸಲು ಬೇಕಾದ ದಾಳವನ್ನು ಅದೇ ಪೋಸ್ಟಿನಲ್ಲಿ ಉರುಳಿಸಲು ಹೇಳಿ.

ಕಾಳಗದ ಲೆಕ್ಕವನ್ನು ನೋಡಿ. ಸರದಿಯನ್ನು ಕಟ್ಟುನಿಟ್ಟಾಗಿ ಪಾಲಿಸಿ ದಿನಕ್ಕೊಬ್ಬರು ಬರೆದರೆ ಐವರಿಗೆ 5 ದಿನ, ಶತ್ರುಗಳ ಪರವಾಗಿ ನೀವು ಬರೆಯಲು 1 ದಿನ. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ 24 ದಿನಗಳಾಗಿರುತ್ತವೆ. ಇದರ ಬದಲು ಆಟಗಾರರೆಲ್ಲ ಒಂದು ಪಾಳಿ, ಶತ್ರುಗಳೆಲ್ಲ ಇನ್ನೊಂದು ಪಾಳಿ ಎಂದು ಮಾಡಿ, ಆಟಗಾರರು ಯಾವ ಕ್ರಮದಲ್ಲಿ ಬರೆದರೋ ಅದೇ ಕ್ರಮದಲ್ಲಿ ಫಲಿತಾಂಶ ಕೊಡಿ. ಎಲ್ಲರೂ ದಿನಕ್ಕೊಮ್ಮೆ ಬರೆದರೆ ಒಂದು ಸುತ್ತು ಎರಡೇ ದಿನಕ್ಕೆ ಇಳಿಯುತ್ತದೆ.

ಉತ್ತರ 2

ಮೇಲಿನವರ ಮಾತಿಗೆ ಒಂದು ಹಳೆಯ ಆಧಾರವಿದೆ. ಡಿಪ್ಲೊಮಸಿ ಎಂಬ ಬೋರ್ಡ್ ಗೇಮನ್ನು 1963ರಿಂದಲೇ ಅಂಚೆಯ ಮೂಲಕ ಆಡುತ್ತಿದ್ದರು. ಆ ಆಟದಲ್ಲಿ ಎಲ್ಲರೂ ತಮ್ಮ ಆಜ್ಞೆಗಳನ್ನು ಬರೆದು ಕೊಡುತ್ತಾರೆ, ಎಲ್ಲವೂ ಏಕಕಾಲಕ್ಕೆ ಜಾರಿಯಾಗುತ್ತವೆ; ಆಜ್ಞೆ ಬಾರದ ಸೇನೆ ಇದ್ದಲ್ಲಿಯೇ ನಿಲ್ಲುತ್ತದೆ. ಕಾಗದ ತಲುಪಲು ದಿನಗಳೇ ಹಿಡಿಯುತ್ತಿದ್ದ ಕಾಲದಲ್ಲಿ ಅದು ದೂರದ ಆಟಕ್ಕೆ ಹೊಂದಿಕೊಂಡದ್ದಕ್ಕೆ ಈ ನಿಯಮವೂ ಒಂದು ಕಾರಣವೆಂದು ನನ್ನ ನಂಬಿಕೆ. ನಿಮ್ಮ ಆಟದಲ್ಲಿಯೂ 48 ಗಂಟೆಗಳ ಗಡುವನ್ನು ಮೊದಲೇ ಎಲ್ಲರ ಒಪ್ಪಿಗೆಯಿಂದ ಗೊತ್ತುಪಡಿಸಿ. ಗಡುವು ಮೀರಿದರೆ ಆ ಪಾತ್ರವನ್ನು ನೀವೇ ಎಚ್ಚರಿಕೆಯಿಂದ ನಡೆಸಿರಿ, ಆದರೆ ಅದರ ಪ್ರಾಣಕ್ಕಾಗಲಿ ಅದರ ಮಾತಿನ ಬೆಲೆಗಾಗಲಿ ಧಕ್ಕೆ ತರುವ ನಿರ್ಧಾರವನ್ನು ಬೇರೊಬ್ಬರ ಪರವಾಗಿ ಎಂದೂ ಮಾಡಬೇಡಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. "ಹೀಗಾದರೆ ಹಾಗೆ" ಎಂಬ ಬರಹ ಬಾಗಿಲು, ಬಲೆ, ಕಾಳಗಗಳಿಗೆ ಸರಿ. ಎರಡು ಪಾತ್ರಗಳು ಮನಬಿಚ್ಚಿ ಮಾತನಾಡುವ ದೃಶ್ಯದಲ್ಲಿ ಆಟಗಾರರನ್ನು ಅವಸರಪಡಿಸಬೇಡಿ. ಯೋಚಿಸಿ, ಪದ ಹುಡುಕಿ ಉತ್ತರಿಸುವ ಅವಕಾಶ ಮೇಜಿನ ಬಳಿ ಸಿಗುವುದಿಲ್ಲ, ನಾನು ಈ ಪದ್ಧತಿಯನ್ನು ಇಷ್ಟಪಡುವುದೇ ಅದಕ್ಕಾಗಿ.

ಉತ್ತರ 3

ಆರಂಭಶೂರತ್ವದ ಬಗ್ಗೆ ಎಚ್ಚರವಿರಲಿ. ನನ್ನ ಮೊದಲ ಆಟದಲ್ಲಿ ಪ್ರತಿ ಪೋಸ್ಟನ್ನೂ ಸಾವಿರ ಪದಗಳಷ್ಟು ಬರೆಯುತ್ತಿದ್ದೆ. ಅಷ್ಟೇ ಉದ್ದದ ಉತ್ತರವನ್ನು ನಾನು ನಿರೀಕ್ಷಿಸುತ್ತೇನೆಂದು ಭಾವಿಸಿದ ಇಬ್ಬರು, ಬಿಡುವಾದಾಗ ಚೆನ್ನಾಗಿ ಬರೆಯೋಣವೆಂದು ಮುಂದೂಡುತ್ತಾ ಹೋಗಿ ಕೊನೆಗೆ ಬರೆಯುವುದನ್ನೇ ಬಿಟ್ಟರು. ಅದು ಇಂದಿಗೂ ನನಗೆ ಬೇಸರದ ಸಂಗತಿ. ಈಗ ನೂರೈವತ್ತು ಪದಗಳನ್ನು ದಾಟುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಎರಡು ಪಾಳಿಯ ಕಾಳಗವನ್ನೂ 48 ಗಂಟೆಗಳ ಗಡುವನ್ನೂ ಗುಂಪಿನ ಮುಂದೆ ಇಡುತ್ತೇನೆ. ಇನ್ನೊಂದು ಸಂದೇಹ: ಪಾತ್ರಗಳು ಬೇರೆ ಬೇರೆ ದಾರಿ ಹಿಡಿದರೆ ಏನು ಮಾಡಬೇಕು? ಮೇಜಿನ ಬಳಿ ನಾನು ಇದನ್ನು ಆದಷ್ಟು ತಪ್ಪಿಸುತ್ತಿದ್ದೆ.

ಉತ್ತರ 1 ಬರೆದವರು

ಇಲ್ಲಿ ತಪ್ಪಿಸಬೇಕಾಗಿಲ್ಲ. ಮೇಜಿನ ಬಳಿ ಒಂದು ತಂಡ ಆಡುವಾಗ ಇನ್ನೊಂದು ಸುಮ್ಮನೆ ಕೂರಬೇಕಾಗುತ್ತದೆ; ಬರಹದಲ್ಲಿ ಎರಡು ದೃಶ್ಯಗಳನ್ನು ಪ್ರತ್ಯೇಕವಾಗಿ ತೆರೆದು ಒಟ್ಟಿಗೇ ನಡೆಸಬಹುದು. ಗಮನಿಸಬೇಕಾದದ್ದು ಕಥೆಯೊಳಗಿನ ಸಮಯವನ್ನು. ಒಂದು ತಂಡ ಮೂರು ದಿನ ನಡೆದು ಊರು ಸೇರಿರುವಾಗ ಇನ್ನೊಂದು ತಂಡ ಅದೇ ಬಾಗಿಲಿನ ಮುಂದೆ ಮಾತನಾಡುತ್ತಾ ನಿಂತಿದ್ದರೆ ಅವರನ್ನು ಮತ್ತೆ ಸೇರಿಸುವುದು ಕಷ್ಟ. ಹೀಗಾಗಿ "ಸೂರ್ಯಾಸ್ತದವರೆಗೆ ನಿಮ್ಮ ಪಾತ್ರ ಮಾಡುವ ಕೆಲಸಗಳನ್ನೆಲ್ಲ ಬರೆಯಿರಿ" ಎಂದು ಎರಡೂ ತಂಡಗಳಿಗೆ ಒಂದೇ ಎಲ್ಲೆಯನ್ನು ಹಾಕಿ, ಎರಡೂ ಅಲ್ಲಿಗೆ ತಲುಪಿದ ಮೇಲೆಯೇ ಮರುದಿನದ ಬೆಳಗನ್ನು ಆರಂಭಿಸಿ.