ಸಹಾಯ ಬೇಕು: ಆರು ಜನಕ್ಕೆ ಎಲೆಕ್ಟ್ರಿಕ್ ಕಾರಾ, ಹೈಬ್ರಿಡ್ಡಾ?

ಎಲ್ಲರಿಗೂ ನಮಸ್ಕಾರ. ಮನೆಗೆ ಎರಡನೇ ಮಗು ಬರುತ್ತಿದೆ. ಅಪ್ಪ ಅಮ್ಮನೂ ನಮ್ಮ ಜೊತೆಗೇ ಇದ್ದಾರೆ. ಈಗಿರುವ ಚಿಕ್ಕ ಕಾರು ಇನ್ನು ಸಾಲದು. ಹೋದ ದೀಪಾವಳಿಗೆ ಬೆಂಗಳೂರಿನಿಂದ ತೀರ್ಥಹಳ್ಳಿವರೆಗೂ ಅಮ್ಮ ಮಗುವಿನ ಸೀಟಿಗೂ ಬಾಗಿಲಿಗೂ ನಡುವೆ ಒಂದೇ ಮಗ್ಗುಲಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಇಳಿದಾಗ ಭುಜ ಎತ್ತೋಕೆ ಆಗ್ತಿರಲಿಲ್ಲ. ನೋಡಿ ತುಂಬಾ ಬೇಜಾರಾಯ್ತು.

ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ (ಪೂರ್ತಿ ಎಲೆಕ್ಟ್ರಿಕ್), ಟೊಯೊಟಾ ಹೈಕ್ರಾಸ್ ಹೈಬ್ರಿಡ್ (ಪೆಟ್ರೋಲ್ ಜೊತೆ ಬ್ಯಾಟರಿ), ಎರಡನ್ನೂ ನೋಡಿದ್ದೇವೆ. ದಿನಾ ಓಡಾಟ 35 ಕಿ.ಮೀ., ಅಪಾರ್ಟ್‌ಮೆಂಟಿನಲ್ಲಿ ಚಾರ್ಜರ್ ಹಾಕಿಸಬಹುದು. ಹಾಗಾಗಿ ಮನಸ್ಸು ಇವಿ ಕಡೆಗೇ ಇದೆ. ಚಿಂತೆ ಊರಿನದ್ದು. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. 15 ಆಂಪ್ ಪ್ಲಗ್‌ನಲ್ಲಿ ಗಂಟೆಗೆ 3 ಯೂನಿಟ್ ಹೋದರೂ 51.4 ಯೂನಿಟ್‌ನ ಬ್ಯಾಟರಿ ತುಂಬೋಕೆ ಒಂದು ರಾತ್ರಿ ಸಾಲದು, ಅಲ್ವಾ? ಹೈಬ್ರಿಡ್‌ಗೆ ಆ ತಾಪತ್ರಯವಿಲ್ಲ, ಆದರೆ ಬೆಲೆ ಜಾಸ್ತಿ.

ಇನ್ನೊಂದು ವಿಷಯ. ನಡುವಿನ ಸಾಲಿಗೆ ಮಕ್ಕಳ ಸೀಟು ಬಿಗಿದರೆ ಆ ಬದಿ ಮಡಚೋಕೆ ಬರೋಲ್ಲ. ಎರಡೂ ಬದಿ ಬಿಗಿದರೆ ಹಿಂದಿನ ಸಾಲಿಗೆ ಹೋಗುವುದು ಹೇಗೆ? ಅಪ್ಪನಿಗೆ ಮಂಡಿನೋವು ಬೇರೆ.

ಅರಸೀಕೆರೆ, ಕಡೂರು ದಾರಿಯಲ್ಲಿ ಏಳು ಸೀಟಿನ ಇವಿ ಓಡಿಸಿದವರು ಇದ್ದೀರಾ? ಎಲ್ಲಿ ಚಾರ್ಜ್ ಮಾಡಿದಿರಿ? ಫುಲ್ ಲೋಡ್‌ನಲ್ಲಿ ಎಷ್ಟು ದೂರ ಬಂತು? ದಯವಿಟ್ಟು ತಿಳಿಸಿ. ಮುಂದಿನ ತಿಂಗಳೊಳಗೆ ಬುಕ್ ಮಾಡಬೇಕು.