ನೊಣದ ರೆಕ್ಕೆಯಿಂದ ಮೀನಿನ ಈಜುರೆಕ್ಕೆಗೆ: ಪೋಸ್ಟ್‌ಡಾಕ್ ಹುಡುಕುವವರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಮೇಡಂ. ಇನ್ನು ಎಂಟು ತಿಂಗಳಲ್ಲಿ ನನ್ನ ಪಿಎಚ್‌ಡಿ ಮುಗಿಯುತ್ತದೆ. ಹಣ್ಣು ನೊಣದ ರೆಕ್ಕೆ ಸರಿಯಾದ ಅಳತೆಗೆ ಬಂದಾಗ ಅದರ ಜೀವಕೋಶಗಳು ವಿಭಜನೆಯಾಗುವುದನ್ನು ಹೇಗೆ ನಿಲ್ಲಿಸುತ್ತವೆ ಎಂಬುದು ನನ್ನ ವಿಷಯ. ಮುಂದೆ ಜೀಬ್ರಾ ಮೀನಿನ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರ ಬೇರೆಯವರ ಲ್ಯಾಬ್‌ನಲ್ಲಿ ಮಾಡುವ ಸಂಶೋಧನಾ ಕೆಲಸ) ಮಾಡುವ ಆಸೆ. ಇಪ್ಪತ್ತೈದು ಲ್ಯಾಬ್‌ಗಳಿಗೆ ಮೇಲ್ ಹಾಕಿದೆ. 'ನಿಮ್ಮ ಸಂಶೋಧನೆ ನನಗೆ ತುಂಬಾ ಇಷ್ಟ, ಸಿವಿ ಲಗತ್ತಿಸಿದ್ದೇನೆ' ಅಂತ ಬರೆದಿದ್ದೆ. ಉತ್ತರ ಬಂದಿದ್ದು ಎರಡು, ಅದೂ ಜಾಗ ಇಲ್ಲ ಅಂತ. ಮೀನಿನ ಅನುಭವ ಇಲ್ಲದವರನ್ನು ತಗೊಳ್ಳೋದೇ ಇಲ್ವಾ?

ಉತ್ತರ: ಖಂಡಿತ ತಗೊಳ್ಳುತ್ತಾರೆ. ಮೀನು ಸಾಕೋದು, ಮೊಟ್ಟೆಗೆ ಇಂಜೆಕ್ಷನ್ ಕೊಡೋದು ಎಲ್ಲ ಕೆಲವು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಒಳ್ಳೆ ಪ್ರಶ್ನೆ ಕೇಳುವುದು ಹಾಗೆ ಹತ್ತುವುದಿಲ್ಲ. ನನ್ನ ಲ್ಯಾಬ್‌ಗೆ ಬರುವ ಮೇಲ್‌ಗಳಲ್ಲಿ ನಾನು ಹುಡುಕುವುದು ಅದನ್ನೇ. ನಿಮ್ಮ ಸಾಲನ್ನು ಯಾವ ಲ್ಯಾಬ್‌ಗೆ ಬೇಕಾದರೂ ಕಳಿಸಬಹುದು, ಅಲ್ವಾ? ತೊಂದರೆ ಇರುವುದು ಅಲ್ಲೇ.

ಜೀಬ್ರಾ ಮೀನಿನ ಬಾಲದ ಈಜುರೆಕ್ಕೆ ಕತ್ತರಿಸಿದರೆ ಎರಡು ಮೂರು ವಾರದಲ್ಲಿ ಮತ್ತೆ ಬೆಳೆಯುತ್ತದೆ. ಜಾಸ್ತಿ ಕತ್ತರಿಸಿದರೆ ಜಾಸ್ತಿ ವೇಗವಾಗಿ ಬೆಳೆಯುತ್ತದೆ. ಎಷ್ಟೇ ಕತ್ತರಿಸಿ, ಹಳೆಯ ಅಳತೆಗೆ ಬಂದು ನಿಲ್ಲುತ್ತದೆ. 'ಸಾಕು' ಅಂತ ನೊಣದ ರೆಕ್ಕೆಗೆ ಹೇಗೆ ಗೊತ್ತಾಗುತ್ತದೆ ಎಂದು ನೀವು ಇಷ್ಟು ವರ್ಷ ಕೇಳಿದ್ದೀರಿ. ಈಜುರೆಕ್ಕೆಗೂ ಅದನ್ನೇ ಕೇಳಿ! ಇಪ್ಪತ್ತೈದು ಬೇಡ, ಐದೇ ಲ್ಯಾಬ್ ಆರಿಸಿ. ಅವರ ಇತ್ತೀಚಿನ ಪೇಪರ್ ಓದಿ, ಅದರಲ್ಲಿ ಉತ್ತರ ಸಿಗದೆ ಉಳಿದ ಒಂದು ವಿಷಯ ಹಿಡಿದು ಬರೆಯಿರಿ.

ಒಂದು ಲೆಕ್ಕ ಮಾತ್ರ ಮರೆಯಬೇಡಿ. ನೊಣದ ಒಂದು ತಲೆಮಾರು 25 ಡಿಗ್ರಿಯಲ್ಲಿ ಹತ್ತು ದಿನ, ಮೀನಿನದು ಸುಮಾರು ಮೂರು ತಿಂಗಳು. ಮೀನುಗಳನ್ನು ಎರಡು ತಲೆಮಾರು ಕ್ರಾಸ್ ಮಾಡುವಷ್ಟರಲ್ಲಿ (ಆರಿಸಿದ ಜೋಡಿ ಸೇರಿಸಿ ಮರಿ ಪಡೆಯುವಷ್ಟರಲ್ಲಿ) ಅರ್ಧ ವರ್ಷ ಹೋಯಿತು. ಎರಡು ವರ್ಷದ ಹಣಕ್ಕೆ ಐದು ವರ್ಷದ ಯೋಜನೆ ಹಾಕಿಕೊಂಡು ಒದ್ದಾಡಿದವರನ್ನು ನೋಡಿದ್ದೇನೆ.

ಪ್ರಶ್ನೆ: ಪೋಸ್ಟ್‌ಡಾಕ್‌ಗೆ ಹಣ ಕೊಡುವ ಫೆಲೋಶಿಪ್‌ಗೆ ಥೀಸಿಸ್ ಮುಗಿದ ಮೇಲೆ ನೋಡಿದರೆ ಸಾಕಾ ಮೇಡಂ?

ಉತ್ತರ: ಈಗಲೇ ಶುರು ಮಾಡಿ. ಅರ್ಜಿ ಹಾಕುವ ಮೊದಲೇ ಲ್ಯಾಬ್‌ನವರು ಒಪ್ಪಿರಬೇಕು, ಫಲಿತಾಂಶಕ್ಕೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಎಂಬೋ (ಯುರೋಪಿನ ಜೀವವಿಜ್ಞಾನ ಸಂಸ್ಥೆ) ಫೆಲೋಶಿಪ್ ಎರಡು ವರ್ಷದವರೆಗೆ, ಎಚ್‌ಎಫ್‌ಎಸ್‌ಪಿ (ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ) ಮೂರು ವರ್ಷ. ಎರಡಕ್ಕೂ ದೇಶ ಬದಲಿಸಬೇಕು. ಪಿಎಚ್‌ಡಿಯ ದಾರಿ ಬಿಟ್ಟು ಹೊಸದಕ್ಕೆ ಕೈ ಹಾಕುವವರೇ ಎಚ್‌ಎಫ್‌ಎಸ್‌ಪಿಗೆ ಬೇಕು, ಅದು ನಿಮಗೆ ಅನುಕೂಲ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ ಹಾಕುವುದಾದರೆ, ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು.

ಚರ್ಚೆಯಲ್ಲಿದ್ದ ಇನ್ನೊಬ್ಬರು: ಒಂದು ಮಾತು ಸೇರಿಸ್ತೇನೆ. ನನ್ನ ಮೊದಲ ಪೋಸ್ಟ್‌ಡಾಕ್‌ನಲ್ಲಿ ಮೂರು ವರ್ಷ ಕಷ್ಟಪಟ್ಟು ಮ್ಯುಟೆಂಟ್ ಲೈನ್‌ಗಳನ್ನು (ಜೀನ್ ಬದಲಾದ ತಳಿಗಳನ್ನು) ಮಾಡಿದೆ. ಹೊರಡುವಾಗ ಒಂದನ್ನೂ ಒಯ್ಯಲು ಬಿಡಲಿಲ್ಲ.

ಉತ್ತರ: ತುಂಬಾ ನೋವಾಗುತ್ತದೆ ಇದನ್ನು ಕೇಳಿದರೆ. ಅದಕ್ಕೇ ಸಂದರ್ಶನದಲ್ಲೇ ಕೇಳಿಬಿಡಿ: 'ನಾನು ಸ್ವಂತ ಲ್ಯಾಬ್ ಶುರು ಮಾಡುವಾಗ ಈ ಕೆಲಸದಲ್ಲಿ ಏನನ್ನು ಜೊತೆಗೆ ಒಯ್ಯಬಹುದು?' ಆ ಲ್ಯಾಬ್ ಬಿಟ್ಟು ಹೋದವರಲ್ಲಿ ಇಬ್ಬರ ಹತ್ತಿರವಾದರೂ ಮಾತಾಡಿ. ಈಗ ಅಲ್ಲೇ ಇರುವವರು ಪೂರ್ತಿ ಬಾಯಿ ಬಿಡುವುದು ಕಷ್ಟ.

ಪ್ರಶ್ನೆ: ಮೇಲ್‌ನ ಮೊದಲ ಸಾಲು ಹೀಗೆ ಬದಲಿಸಿದೆ ಮೇಡಂ: 'ನೊಣದ ರೆಕ್ಕೆ ಬೆಳೆಯುವುದು ನಿಲ್ಲುವ ಕಾರಣ ಹುಡುಕುತ್ತಿದ್ದೇನೆ. ನಿಮ್ಮ ಮೀನಿನ ಈಜುರೆಕ್ಕೆ ಬೆಳೆಯುವುದೂ ಅದೇ ಕಾರಣಕ್ಕೆ ನಿಲ್ಲುತ್ತದೆಯೇ?'

ಉತ್ತರ: ಚೆನ್ನಾಗಿದೆ. ಅದನ್ನು ಪರೀಕ್ಷಿಸಲು ನೀವು ಮೊದಲು ಮಾಡುವ ಪ್ರಯೋಗ ಯಾವುದು ಅಂತ ಎರಡನೇ ಸಾಲಿನಲ್ಲಿ ಬರೆದು ಕಳಿಸಿ.